ಬಾಲ್ಟಿಕ್ ಸಾಹಿತ್ಯ, ಕಾವ್ಯ, ಸಿನಿಮಾ: ಗಡಿಯಾಚೆಯ ಗೌರವ

ಎಸ್ಟೋನಿಯಾ (ರಾಜಧಾನಿ ಟಾಲಿನ್), ಲಾಟ್ವಿಯಾ (ರಿಗಾ), ಲಿಥುವೇನಿಯಾ (ವಿಲ್ನಿಯಸ್) ದೇಶಗಳು ಸ್ವಾತಂತ್ರ್ಯ ಘೋಷಿಸಿಕೊಂಡದ್ದು 1918ರಲ್ಲಿ. ಅದರ ಶತಮಾನೋತ್ಸವದ ವರ್ಷ 2018ರ ಲಂಡನ್ ಪುಸ್ತಕ ಮೇಳದಲ್ಲಿ ‘ಮಾರ್ಕೆಟ್ ಫೋಕಸ್’ ಗೌರವ ಮೂರಕ್ಕೂ ಒಟ್ಟಿಗೆ ಸಂದಿತು.

ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಈ ದೇಶಗಳ ಭಾಷೆಯ ಪ್ರಶ್ನೆಯಲ್ಲಿ. ಲಾಟ್ವಿಯನ್, ಲಿಥುವೇನಿಯನ್ ಇಂಡೋ-ಯುರೋಪಿಯನ್ ಕುಟುಂಬದವು; ಎಸ್ಟೋನಿಯನ್ ಮಾತ್ರ ಫಿನ್ನಿಷ್‌ನ ಬಂಧು.

ಲಾಟ್ವಿಯಾದ ಜನಪದ ಹಾಡುಗಳ ಹೆಸರು ‘ದೈನಾ’. ಜಾನಪದ ಸಂಗ್ರಾಹಕ ಕ್ರಿಶ್ಯಾನಿಸ್ ಬರೋನ್ಸ್ ವಿಂಗಡಿಸಿ ಪ್ರಕಟಿಸಿದ ಹಾಡುಗಳು 2 ಲಕ್ಷಕ್ಕೂ ಹೆಚ್ಚು. ಚೀಟಿಗಳಲ್ಲಿ ಬರೆದ ಆ ಹಾಡುಗಳನ್ನು ಜೋಡಿಸಿಟ್ಟ ಕಪಾಟು 2001ರಲ್ಲಿ ಯುನೆಸ್ಕೋದ ‘ಮೆಮೊರಿ ಆಫ್ ದ ವರ್ಲ್ಡ್’ ಪಟ್ಟಿ ಸೇರಿತು. ಒಬ್ಬ ಮನುಷ್ಯನ ತಾಳ್ಮೆ ಒಂದು ಭಾಷೆಯ ನೆನಪನ್ನು ಹೇಗೆ ಉಳಿಸಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಸಿನಿಮಾದ ವಿಷಯದಲ್ಲಿ ಇತ್ತೀಚಿನ ಮುಖ್ಯ ಪ್ರಶ್ನೆ ಲಾಟ್ವಿಯಾದ ‘ಫ್ಲೋ’ ಚಿತ್ರದ್ದು. ಗಿಂಟ್ಸ್ ಜಿಲ್ಬಾಲೋಡಿಸ್ ನಿರ್ದೇಶನದ ಈ ಚಿತ್ರಕ್ಕೆ 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂತು; ಲಾಟ್ವಿಯಾಕ್ಕೆ ಇದು ಮೊದಲ ಆಸ್ಕರ್. ಪ್ರವಾಹದಲ್ಲಿ ಸಿಲುಕಿದ ಬೆಕ್ಕಿನ ಕಥೆ, ಮಾತೇ ಇಲ್ಲ, ಹಾಗಾಗಿ ಯಾವ ದೇಶದವರಿಗೂ ಅನುವಾದ ಬೇಕಾಗದು. ಉಚಿತ ತಂತ್ರಾಂಶ ಬ್ಲೆಂಡರ್‌ನಲ್ಲಿ ಇದನ್ನು ತಯಾರಿಸಿದ್ದು ಗಮನಾರ್ಹ. ಎಸ್ಟೋನಿಯಾಕ್ಕೆ ಮೊದಲ ಆಸ್ಕರ್ ನಾಮನಿರ್ದೇಶನ ತಂದದ್ದು ಜಾರ್ಜಿಯಾದೊಂದಿಗೆ ನಿರ್ಮಿಸಿದ ‘ಟ್ಯಾಂಜರೀನ್ಸ್’ (2013).

ಹೆಚ್ಚುವರಿ: ಲಿಥುವೇನಿಯಾ ಮೂಲದ ಚಿತ್ರನಿರ್ದೇಶಕ, ಕವಿ ಜೋನಾಸ್ ಮೇಕಸ್ (1922–2019) ನ್ಯೂಯಾರ್ಕ್‌ನ ‘ಆಂಥಾಲಜಿ ಫಿಲ್ಮ್ ಆರ್ಕೈವ್ಸ್’ ಸ್ಥಾಪಕರಲ್ಲೊಬ್ಬರು. ಅಮೆರಿಕದಲ್ಲಿ ನೆಲೆಸಿದರೂ ಕವಿತೆ ಬರೆದದ್ದು ತಾಯ್ನುಡಿಯಲ್ಲೇ.