ಕಾಲ್ವಿನೊನ ಚಂದ್ರ, ನಮ್ಮ ಓದು

ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ನಮ್ಮಿಂದ ದೂರ ಹೋಗ್ತಾ ಇದ್ದಾನೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಅಲ್ಲಿಟ್ಟು ಬಂದ ಪ್ರತಿಫಲಕದ ಕಡೆ ಲೇಸರ್ ಬಿಟ್ಟು, ಬೆಳಕು ವಾಪಸ್ ಬರುವ ಸಮಯದಿಂದ ಇದನ್ನು ಅಳೆಯುತ್ತಾರೆ. ಹೀಗೆ ದೂರ ಸರಿಯಲು ಕಾರಣ ಸಮುದ್ರದ ಉಬ್ಬರವಿಳಿತ. ಅಂದರೆ ಒಂದು ಕಾಲಕ್ಕೆ ಚಂದ್ರ ಬಹಳ ಹತ್ತಿರ ಇದ್ದ. ಇದನ್ನು ಮೊದಲು ಲೆಕ್ಕ ಹಾಕಿ ಹೇಳಿದವರು ಚಾರ್ಲ್ಸ್ ಡಾರ್ವಿನ್ನರ ಮಗ ಜಾರ್ಜ್ ಡಾರ್ವಿನ್.

ಇಟಲಿಯ ಲೇಖಕ ಇಟಾಲೊ ಕಾಲ್ವಿನೊ 1965ರಲ್ಲಿ ಪ್ರಕಟಿಸಿದ 'ಕಾಸ್ಮಿಕಾಮಿಕ್ಸ್' ಸಂಕಲನದ 'ಚಂದ್ರನ ದೂರ' ಕತೆ ಶುರುವಾಗೋದು ಇದೇ ಮಾತಿನಿಂದ. ಕತೆಯಲ್ಲಿ ಚಂದ್ರ ಎಷ್ಟು ಹತ್ತಿರ ಅಂದ್ರೆ, ಜನ ದೋಣಿಯಲ್ಲಿ ಹೋಗಿ ಏಣಿ ಹಾಕಿ ಹತ್ತುತ್ತಾರೆ. ಅಲ್ಲಿ ಕೆನೆಯಂಥ ಗಟ್ಟಿ 'ಚಂದ್ರನ ಹಾಲು' ಸಿಗುತ್ತೆ. ಅದನ್ನು ಚಮಚದಲ್ಲಿ ಕೆರೆದು ತುಂಬಿಕೊಂಡು ಬರ್ತಾರೆ.

ಇಂಜಿನಿಯರಿಂಗ್ ಓದುವ ನಮಗೆ ತಕ್ಷಣ ಬರೋ ಪ್ರಶ್ನೆ: ಇದು ಸಾಧ್ಯಾನಾ? ಇಲ್ಲ. ಅಷ್ಟು ಹತ್ತಿರ ಬಂದರೆ ರೋಷ್ ಮಿತಿಯ ಪ್ರಕಾರ ಚಂದ್ರ ಪುಡಿಪುಡಿಯಾಗಬೇಕು. ಆದರೆ ಆ ಒಂದು ಅಸಾಧ್ಯವನ್ನು ಒಪ್ಪಿಕೊಂಡು ನೋಡಿ, ಉಳಿದದ್ದೆಲ್ಲ ಎಷ್ಟು ಕರಾರುವಾಕ್ಕಾಗಿದೆ! ಏಣಿಯ ತುದಿಯಲ್ಲಿ ಸೆಳೆತ ಬದಲಾಗುತ್ತೆ, ಹಾಗಾಗಿ ಹತ್ತಿದವನು ಲಾಗ ಹಾಕಿ ತಲೆಕೆಳಗಾಗಿ ಇಳೀಬೇಕು. ಕನಸಿನಂಥ ಕತೆಯನ್ನು ನಂಬಿಸೋದು ಇಂಥ ವಿವರಗಳೇ. ಇದು ಈ ಕತೆಯಿಂದ ನಾವು ಕಲಿತ ಮೊದಲ ಪಾಠ.

ಎರಡನೆಯದಕ್ಕೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇಲ್ಲಿ ಯಾರು ಯಾರನ್ನು ನೋಡ್ತಿದ್ದಾರೆ? ಕತೆ ಹೇಳುವವನಿಗೆ ಕ್ಯಾಪ್ಟನ್ನನ ಹೆಂಡತಿ ಮೇಲೆ ಪ್ರೀತಿ. ಅವಳಿಗೆ ಇವನ ಕಿವಿ ಕೇಳದ ಕಸಿನ್ ಮೇಲೆ. ಆ ಕಸಿನ್‌ಗೋ ಚಂದ್ರನ ಮೇಲೆ ಮಾತ್ರ. ಯಾರ ನೋಟವೂ ತಿರುಗಿ ಬರೋದಿಲ್ಲ. ಚಂದ್ರ ದೂರವಾಗುವ ಮೊದಲೇ ಇವರ ನಡುವೆ ದೂರ ಇತ್ತು.

ಆಮೇಲೆ ಚಂದ್ರ ಸರಿದು ಹೋಗಿ, ಅವನೂ ಅವಳೂ ಒಂದು ತಿಂಗಳು ಅಲ್ಲೇ ಸಿಕ್ಕಿಹಾಕಿಕೊಳ್ತಾರೆ. ಅವನು ಬಯಸಿದ್ದೇ ಸಿಕ್ಕಿತು. ಆದರೂ ಅವನಿಗೆ ಭೂಮಿಯದೇ ಧ್ಯಾನ. ನಮ್ಮನ್ನು ತಟ್ಟಿದ ಜಾಗ ಇದು. ಎರಡು ವರ್ಷ ಸೀಟು, ಸೀಟು ಅಂತ ಓದಿ, ಸೀಟು ಸಿಕ್ಕಿ ಹಾಸ್ಟೆಲ್ಲಿಗೆ ಬಂದ ಮೇಲೆ, ರಾತ್ರಿ ಊಟದ ಹೊತ್ತಿಗೆ ಮನೆಯ ಕಡೆ ಮನಸ್ಸು ಎಳೆಯೋದು ನಮಗೆ ಗೊತ್ತು. ಬಯಸಿದ್ದು ತಪ್ಪು ಅಂತಲ್ಲ. ಆ ಬಯಕೆಗೆ ಅರ್ಥ ಕೊಟ್ಟಿದ್ದ ಊರು, ಜನ ಎಲ್ಲ ಈಗ ಕೆಳಗೆ ಉಳಿದಿದ್ದಾರೆ, ಅಷ್ಟೆ.

ಕೊನೆಗೆ ಅವನು ಉದ್ದದ ಬಿದಿರು ಗಳ ಹಿಡಿದು ಭೂಮಿಗೆ ಬರ್ತಾನೆ. ಅವಳು ಬರೋದಿಲ್ಲ. ಕಸಿನ್ ಪ್ರೀತಿಸೋದು ಚಂದ್ರನನ್ನೇ ಆದರೆ ತಾನೇ ಚಂದ್ರ ಆಗ್ತೀನಿ ಅಂತ ಅಲ್ಲೇ ಉಳೀತಾಳೆ. ಇಲ್ಲಿ ನಮ್ಮ ಗುಂಪಿನಲ್ಲೇ ಎರಡು ಪಕ್ಷ. ಇದೇ ದೊಡ್ಡ ಪ್ರೀತಿ ಅಂತ ಕೆಲವರು, ತನ್ನನ್ನೇ ಕಳಕೊಂಡಳು ಅಂತ ಉಳಿದವರು. ನಮಗೆ ಹೆಚ್ಚು ಹತ್ತಿರ ಅನಿಸಿದ್ದು ವಾಪಸ್ ಬಂದವನೇ. ಬಂದ ಮೇಲೂ ಹುಣ್ಣಿಮೆ ರಾತ್ರಿ ನಾಯಿಗಳ ಜೊತೆ ಊಳಿಡ್ತಾನಲ್ಲ, ಅದಕ್ಕೆ.

ಕತೆ ಚಿಕ್ಕದು, ಒಂದೇ ಕೂತಲ್ಲಿ ಮುಗಿಯುತ್ತೆ. ಓದಿ, ನೀವು ಯಾರ ಪಕ್ಷ ಅಂತ ಹೇಳಿ.