ಹಳೆಯ ಲೌಡ್‌ಸ್ಪೀಕರಿಗೆ ವಾಯ್ಸ್ ಕಾಯಿಲ್ ಹುಡುಕುವ ಬಗೆ

ಊರಿನಿಂದ ತಂದಿಟ್ಟುಕೊಂಡ ಹಳೆಯ ವಾಲ್ವ್ ರೇಡಿಯೊ ಒಂದು ದಿನ ಮೂಕವಾಗುತ್ತದೆ. ಇಲ್ಲವೆ ಗಂಟಲು ಕಟ್ಟಿದವರಂತೆ ಕರಕರ ಎನ್ನತೊಡಗುತ್ತದೆ. ವಾರದ ರಜೆಯ ದಿನ ಅದನ್ನು ಹೊತ್ತು ಅಂಗಡಿಗೆ ಹೋದರೆ, “ಸ್ಪೀಕರಿನ ಕಾಯಿಲ್ ಹೋಗಿದೆ, ಈ ಕಂಪನಿಯ ಮಾಲು ಈಗ ಬರುವುದಿಲ್ಲ, ಬೇರೆ ಸ್ಪೀಕರ್ ಹಾಕಿಸಿಬಿಡಿ” ಎಂಬ ಉತ್ತರ ಸಿಗುತ್ತದೆ. ಅಂಗಡಿಯವರು ಸುಳ್ಳು ಹೇಳಿದರೆಂದಲ್ಲ. ಆ ಕಂಪನಿಯ ಹೆಸರಿನ ಕಾಯಿಲ್ ಬಹುಮಟ್ಟಿಗೆ ಸಿಗಲಾರದು. ಆದರೆ ಕಾಯಿಲಿಗೆ ಬೇಕಾದುದು ಹೆಸರಲ್ಲ, ಅಳತೆ. ಅಳತೆಗಳನ್ನು ಸರಿಯಾಗಿ ತೆಗೆದುಕೊಂಡು ಹೋದವರಿಗೆ ಅನೇಕ ವೇಳೆ ಕಾಯಿಲ್ ಸಿಗುತ್ತದೆ, ಸಿಗದಿದ್ದರೆ ಸುತ್ತಿಸಿಕೊಳ್ಳಬಹುದು. ಅದು ಹೇಗೆಂಬುದೇ ಈ ಪಾಠದ ವಿಷಯ.

ಸ್ಪೀಕರಿನ ಒಳಗೆ

1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬಿಬ್ಬರು ಪ್ರಕಟಿಸಿದ ವಿನ್ಯಾಸವೇ ಇಂದಿನ ಸಾಮಾನ್ಯ ಸ್ಪೀಕರುಗಳಿಗೂ ಆಧಾರ. ಅಯಸ್ಕಾಂತದ ನಡುವೆ ಒಂದು ದುಂಡನೆಯ ಕಬ್ಬಿಣದ ಕಂಬವಿರುತ್ತದೆ. ಅದರ ಸುತ್ತ ಮೇಲ್ತಟ್ಟೆಯ ದುಂಡು ತೂತು. ಇವೆರಡರ ನಡುವೆ ಸುಮಾರು 1 ಮಿ.ಮೀ. ಅಗಲದ ಸಂದು. ಆ ಸಂದಿನಲ್ಲಿ ಯಾವ ಪಕ್ಕಕ್ಕೂ ತಾಗದೆ ತೂಗುವ ತಾಮ್ರದ ಸುರುಳಿಯೇ ವಾಯ್ಸ್ ಕಾಯಿಲ್. ಅದನ್ನು ತೆಳುವಾದ ಕಾಗದದ ಇಲ್ಲವೆ ಅಲ್ಯುಮಿನಿಯಮ್ ಕೊಳವೆಯ ಮೇಲೆ ಸುತ್ತಿರುತ್ತಾರೆ. ಕೊಳವೆಯ ಮೇಲ್ತುದಿ ಕೋನಿನ ಕತ್ತಿಗೆ ಅಂಟಿಕೊಂಡಿರುತ್ತದೆ. ಕಾಯಿಲು ಅತ್ತಿತ್ತ ವಾಲದಂತೆ ನಡುವಿಗೆ ಹಿಡಿದಿಡುವ ಸುಕ್ಕುಬಟ್ಟೆಯ ಬಿಲ್ಲೆಗೆ ಸ್ಪೈಡರ್ ಎಂದು ಹೆಸರು. ತಂತಿಯಲ್ಲಿ ಧ್ವನಿಯ ವಿದ್ಯುತ್ತು ಹರಿದಾಗ ಕಾಯಿಲು ಹಿಂದುಮುಂದಾಗಿ ಓಲಾಡುತ್ತದೆ. ಕೋನು ಅದರೊಡನೆ ಓಲಾಡಿ ಗಾಳಿಯನ್ನು ನೂಕುತ್ತದೆ. ಇಷ್ಟು ಕಿರಿದಾದ ಸಂದಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಉಜ್ಜುತ್ತದೆ ಎಂಬುದನ್ನು ನೆನಪಿಡಬೇಕು.

ಮೊದಲು ರೋಗ ತಿಳಿಯಬೇಕು

ರೇಡಿಯೊವನ್ನು ಬಿಚ್ಚುವ ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಬೇಕು. ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಬಹಳ ಹಳೆಯ ಸೆಟ್ಟುಗಳ ಸ್ಪೀಕರಿನಲ್ಲಿ ಅಯಸ್ಕಾಂತದ ಬದಲು ದೊಡ್ಡ ಫೀಲ್ಡ್ ಕಾಯಿಲ್ ಇರುತ್ತದೆ. ಅದಕ್ಕೆ ಹೋಗುವ ವಿದ್ಯುತ್ತು ಪ್ರಾಣಕ್ಕೆ ಎರವಾಗುವಷ್ಟು. ಆದುದರಿಂದ ಪಳಗಿದವರನ್ನು ಜೊತೆಯಲ್ಲಿಟ್ಟುಕೊಂಡೇ ಈ ಕೆಲಸಕ್ಕೆ ಕೈಹಾಕುವುದು ಮೇಲು. ಸ್ಪೀಕರನ್ನು ತೆಗೆದಿಟ್ಟು ವಾಲ್ವ್ ಸೆಟ್ಟನ್ನು ಚಾಲೂ ಮಾಡಲೇಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು.

ಸ್ಪೀಕರಿನ ಒಂದು ತಂತಿಯನ್ನು ಟ್ರಾನ್ಸ್‌ಫಾರ್ಮರಿನಿಂದ ಬಿಡಿಸಿ, ಅನಂತರ ಮೀಟರ್ ಹಿಡಿಯಬೇಕು. ಬಿಡಿಸದೆ ನೋಡಿದರೆ ಕಾಯಿಲು ತುಂಡಾಗಿದ್ದರೂ ಟ್ರಾನ್ಸ್‌ಫಾರ್ಮರಿನ ಸುತ್ತಿನ ಮೂಲಕ ಮೀಟರಿನ ಮುಳ್ಳು ಓಡುತ್ತದೆ, ನಾವು ಮೋಸಹೋಗುತ್ತೇವೆ. 8 ಓಮ್ ಎಂದು ಬರೆದ ಸ್ಪೀಕರ್ ಮೀಟರಿನಲ್ಲಿ ಸುಮಾರು 6 ಓಮ್ ತೋರಿಸುತ್ತದೆ. 3 ಓಮಿನದು ಸುಮಾರು 2.5. ಇದು ದೋಷವಲ್ಲ. ಬರೆದಿರುವುದು ಧ್ವನಿಯ ವಿದ್ಯುತ್ತಿಗೆ ಇರುವ ತಡೆ. ಮೀಟರ್ ತೋರಿಸುವುದು ಬರಿಯ ತಂತಿಯ ತಡೆ.

ಮುಳ್ಳು ಅಲುಗದಿದ್ದರೆ ಕಾಯಿಲೇ ಹೋಗಿದೆಯೆಂದು ಆತುರಪಡಬಾರದು. ಕೋನಿನಿಂದ ಹೊರಗಿನ ಕೊಂಡಿಗೆ ಬರುವ ಹೆಣೆದ ಮೆದು ತಂತಿ ಸವೆದು ತುಂಡಾಗಿರುವುದೂ ಉಂಟು. ಅದಕ್ಕೆ ಒಂದು ಬೆಸುಗೆ ಸಾಕು. ಕಾಯಿಲು ಸರಿಯಾಗಿದ್ದೂ ಸೆಟ್ಟು ಮೂಕವಾಗಿದ್ದರೆ ತಪ್ಪು ಟ್ರಾನ್ಸ್‌ಫಾರ್ಮರಿನಲ್ಲಿಯೋ ವಾಲ್ವಿನಲ್ಲಿಯೋ ಇರಬಹುದು. ಕೋನನ್ನು ಬೆರಳುಗಳಿಂದ ಸುತ್ತಲೂ ಸಮನಾಗಿ ಮೆಲ್ಲನೆ ಒತ್ತಿದಾಗ ಕೆರೆದ ಸದ್ದು ಬಂದರೆ, ಸಂದಿನಲ್ಲಿ ಕಸ ಸೇರಿದೆ ಇಲ್ಲವೆ ಕಾಯಿಲು ವಾಲಿದೆ. ಸ್ಪೀಕರು ಕೆಳಗೆ ಬಿದ್ದು ಅಯಸ್ಕಾಂತವೇ ಸರಿದಿದ್ದರೆ ಕಾಯಿಲು ಬದಲಿಸಿ ಪ್ರಯೋಜನವಿಲ್ಲ.

ಐದು ಅಳತೆಗಳು

ಕಾಯಿಲು ಹೋಗಿರುವುದು ಖಚಿತವಾದ ಮೇಲೆ, ಹಳೆಯದನ್ನು ಹರಿದು ಬಿಸಾಡದೆ ಮೆಲ್ಲನೆ ಬಿಡಿಸಿ ಒಂದು ಲಕೋಟೆಯಲ್ಲಿ ಇಟ್ಟುಕೊಳ್ಳಬೇಕು. ಸುಟ್ಟ ಕಾಯಿಲೂ ತನ್ನ ಅಳತೆಯನ್ನು ಹೇಳುತ್ತದೆ. ಬರೆದುಕೊಳ್ಳಬೇಕಾದವು ಇವು:

1. ನಡುಗಂಬದ ವ್ಯಾಸ ಮತ್ತು ಹಳೆಯ ಕೊಳವೆಯ ಒಳವ್ಯಾಸ.
2. ಮೇಲ್ತಟ್ಟೆಯ ತೂತಿನ ವ್ಯಾಸ ಮತ್ತು ತಟ್ಟೆಯ ದಪ್ಪ.
3. ತಂತಿ ಸುತ್ತಿರುವ ಭಾಗದ ಎತ್ತರ, ಪದರಗಳ ಸಂಖ್ಯೆ, ತಂತಿಯ ದಪ್ಪ.
4. ಕೊಳವೆಯ ಒಟ್ಟು ಎತ್ತರ; ಕೋನಿನ ಕತ್ತಿನಿಂದ ಸುತ್ತು ಆರಂಭವಾಗುವವರೆಗಿನ ದೂರ.
5. ಓಮಿನ ಲೆಕ್ಕ.

ಇವಕ್ಕೆ ವರ್ನಿಯರ್ ಕ್ಯಾಲಿಪರ್ ಬೇಕು. ಉಕ್ಕಿನದನ್ನು ಅಯಸ್ಕಾಂತ ಸೆಳೆದುಕೊಳ್ಳುವುದರಿಂದ ಪ್ಲಾಸ್ಟಿಕ್ಕಿನದು ಅನುಕೂಲ. ಮರದ ಅಡಿಪಟ್ಟಿಯ ಅಳತೆ ಇಲ್ಲಿ ನಡೆಯದು. ಒಮ್ಮೆ ನಾವೇ ಓಮ್ ಒಂದನ್ನೇ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕಾಯಿಲ್ ತಂದೆವು. ಓಮ್ ಸರಿಯಾಗಿತ್ತು, ಆದರೆ ಕಾಯಿಲು ಸಂದಿನೊಳಗೆ ಇಳಿಯಲೇ ಇಲ್ಲ. ಒಂದು ರಜೆ, ರೈಲಿನ ಚಾರ್ಜು, ಕಾಯಿಲಿನ ಬೆಲೆ ಮೂರೂ ಹೋದವು. ಅಂಗಡಿಯವರ ತಪ್ಪೇನಿರಲಿಲ್ಲ; ಕೇಳಿದ್ದನ್ನೇ ಅವರು ಕೊಟ್ಟಿದ್ದರು.

ಒಂದು ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಂಬ 24.9 ಮಿ.ಮೀ., ತೂತು 27.1 ಮಿ.ಮೀ. ಎಂದಿರಲಿ. ಸಂದು 1.1 ಮಿ.ಮೀ. ಆಯಿತು. ಅಂಗಡಿಯಲ್ಲಿ ಒಂದಂಗುಲದ್ದು ಎನ್ನುವ ಕಾಯಿಲಿನ ಒಳವ್ಯಾಸ 25.4 ಮಿ.ಮೀ.; ಕಂಬದ ಸುತ್ತ 0.25 ಮಿ.ಮೀ. ಬಿಡುವು ಉಳಿಯುತ್ತದೆ. ಹೊರಗೂ ಅಷ್ಟೇ ಬಿಡುವು ಬೇಕೆಂದರೆ ತಂತಿ ಸೇರಿದ ಹೊರವ್ಯಾಸ 26.6ಕ್ಕಿಂತ ಹೆಚ್ಚಿರಕೂಡದು.

ಈಗ ತಂತಿಯ ಲೆಕ್ಕ. 0.2 ಮಿ.ಮೀ. ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.55 ಓಮ್. 2.5 ಓಮ್ ಬೇಕಾದರೆ ಸುಮಾರು 4.55 ಮೀಟರ್ ತಂತಿ. ಒಂದು ಸುತ್ತಿಗೆ ಸರಾಸರಿ 82 ಮಿ.ಮೀ. ಹಿಡಿಯುವುದರಿಂದ ಒಟ್ಟು 56 ಸುತ್ತು, ಅಂದರೆ ಎರಡು ಪದರಗಳಲ್ಲಿ 28ರಂತೆ. ಎನಾಮೆಲ್ ಸೇರಿ ತಂತಿಯ ದಪ್ಪ 0.225 ಎಂದರೆ ಸುತ್ತಿನ ಎತ್ತರ 6.3 ಮಿ.ಮೀ. ಬರುತ್ತದೆ. ಪದರಗಳು ಎರಡು ಇಲ್ಲವೆ ನಾಲ್ಕು ಇದ್ದರೆ ತಂತಿಯ ಎರಡು ತುದಿಗಳೂ ಕೋನಿನ ಕಡೆಗೇ ಬರುತ್ತವೆ. ಹಳೆಯ ಕಾಯಿಲಿನ ಅಳತೆ ಈ ಲೆಕ್ಕಕ್ಕೆ ಹೊಂದಿದರೆ ನಾವು ದಾರಿ ತಪ್ಪಿಲ್ಲವೆಂದು ತಿಳಿಯಬಹುದು.

ಒಂದು ಎಚ್ಚರಿಕೆ: 1950ರ ದಶಕದ ಕೆಲವು ಫಿಲಿಪ್ಸ್ ಸೆಟ್ಟುಗಳಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಇಲ್ಲದೆ 800 ಓಮಿನ ಸ್ಪೀಕರ್ ಇರುತ್ತಿತ್ತು. ಅಂಥದಕ್ಕೆ 3 ಅಥವಾ 8 ಓಮಿನ ಕಾಯಿಲ್ ಹಾಕಲೇಬಾರದು.

ಎಲ್ಲಿ ಕೇಳಬೇಕು?

ಮೂರು ದಾರಿಗಳಿವೆ. ಮೊದಲನೆಯದು, ಸಿದ್ಧ ಕಾಯಿಲ್. ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ಪುಣೆಯ ಬುಧವಾರ ಪೇಟೆ, ಚೆನ್ನೈಯ ರಿಚಿ ಸ್ಟ್ರೀಟ್, ಹೈದರಾಬಾದಿನ ಕೋಠಿ, ದೆಹಲಿಯ ಕೆಂಪುಕೋಟೆಯ ಎದುರಿನ ಲಾಜಪತರಾಯ್ ಮಾರ್ಕೆಟ್, ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರೋಡ್ – ಇವು ರೇಡಿಯೊ ಮತ್ತು ಎಲೆಕ್ಟ್ರಾನಿಕ್ ಸಾಮಾನುಗಳಿಗೆ ಹೆಸರಾದ ಪೇಟೆಗಳು. ಅಲ್ಲಿ ಕೋನ್ ಬದಲಿಸುವವರನ್ನು ವಿಚಾರಿಸಬೇಕು. ಕಂಪನಿಯ ಹೆಸರು ಹೇಳದೆ, ಒಳವ್ಯಾಸ, ಹೊರವ್ಯಾಸ, ಸುತ್ತಿನ ಎತ್ತರ, ಓಮ್ ಎಂದು ಈ ಕ್ರಮದಲ್ಲಿ ಕೇಳಬೇಕು. ಕೊಳವೆ ಉದ್ದವಾಗಿದ್ದರೆ ಕತ್ತರಿಸಬಹುದು, ಗಿಡ್ಡವಾದರೆ ಕಷ್ಟ.

ಎರಡನೆಯದು, ಗುಜರಿಯಲ್ಲಿ ಅದೇ ಅಳತೆಯ ಬೇರೊಂದು ಸ್ಪೀಕರ್ ಕೊಂಡು ಅದರ ಕಾಯಿಲನ್ನು ಬಿಡಿಸುವುದು. ಕೋನು ಹರಿದು ಕಾಯಿಲು ಉಳಿದಿರುವ ಸ್ಪೀಕರು ಅಗ್ಗವಾಗಿ ಸಿಕ್ಕೀತು. ಮೀಟರ್ ಜೊತೆಯಲ್ಲಿರಲಿ.

ಮೂರನೆಯದು, ಸುತ್ತಿಸುವುದು. 25.4 ಮಿ.ಮೀ. ವ್ಯಾಸದ ಒಂದು ದುಂಡು ಅಚ್ಚು ಬೇಕು. ನಮ್ಮ ವಾಚಕರಲ್ಲಿ ಲೇತ್ ಯಂತ್ರದ ಮೇಲೆ ದುಡಿಯುವವರಿಗೆ ಅದು ಅರ್ಧ ಗಂಟೆಯ ಕೆಲಸ. ಅಚ್ಚಿನ ಮೇಲೆ ಗಟ್ಟಿ ತೆಳುಗಾಗದದ ಕೊಳವೆ ಮಾಡಿ, ವಾರ್ನಿಷ್ ಸವರುತ್ತ ಒತ್ತಾಗಿ ಸುತ್ತಿ ಒಣಗಿಸಬೇಕು.

ಕೂರಿಸುವಾಗ

ಅಂಟುಟೇಪನ್ನು ರಟ್ಟಿನ ಚೂರಿಗೆ ಸುತ್ತಿ ಸಂದಿನ ಕಸವನ್ನೆಲ್ಲ ತೆಗೆಯಬೇಕು. ಕಂಬಕ್ಕೂ ಕೊಳವೆಗೂ ನಡುವೆ ಹಳೆಯ ಫಿಲ್ಮಿನ ಸಮದಪ್ಪದ ಪಟ್ಟಿಗಳನ್ನು ಸುತ್ತಲೂ ಇಳಿಸಿದರೆ ಕಾಯಿಲು ನಟ್ಟನಡುವೆ ನಿಲ್ಲುತ್ತದೆ. ಸುತ್ತಿನ ಮಧ್ಯಭಾಗ ಮೇಲ್ತಟ್ಟೆಯ ದಪ್ಪದ ಮಧ್ಯಕ್ಕೆ ಸರಿಯಾಗಿ ಬರಬೇಕು. ಅಂಟು ಪೂರ್ತಿ ಒಣಗಿದ ಮೇಲೆಯೇ ಪಟ್ಟಿಗಳನ್ನು ಎಳೆಯಬೇಕು. ಹಳೆಯ ಆಲ್ನಿಕೊ ಅಯಸ್ಕಾಂತವನ್ನು ಶುಚಿಮಾಡುವ ನೆಪದಿಂದ ಕಂಬದಿಂದ ಬೇರ್ಪಡಿಸಬಾರದು. ಬಿಚ್ಚಿದೊಡನೆ ಅದರ ಶಕ್ತಿ ಕುಂದುತ್ತದೆ, ಮತ್ತೆ ಜೋಡಿಸಿದರೂ ಮರಳಿ ಬಾರದು.

ಕೆಲಸ ಮುಗಿದ ಮೇಲೆ ಒಂದು ಮಾತು ಉಳಿಯುತ್ತದೆ. ಅಳತೆಯ ಚೀಟಿಯನ್ನು ಬಿಸಾಡದೆ ರೇಡಿಯೊದ ಹಿಂದಿನ ಹಲಗೆಯ ಒಳಮೈಗೆ ಅಂಟಿಸಿಡಿ. ಇನ್ನು ಇಪ್ಪತ್ತು ವರ್ಷಕ್ಕೆ ಆ ಹಲಗೆಯನ್ನು ಬಿಚ್ಚುವವರು ನಮ್ಮ ಮಗನೋ ಮಗಳೋ ಆಗಿರಬಹುದು. ಅವರು ಹೆಸರನ್ನು ಹುಡುಕಿ ಅಲೆಯದೆ ಅಳತೆಯನ್ನು ಹಿಡಿದು ಹೊರಡುವಂತಾಗಲಿ.