ಒಂದು ಒಡೆದ ಪ್ಲೇಟು ಮತ್ತು ಅರವತ್ತರ ದಶಕದ ಆಂಗ್ಲ ಗೀತೆಗಳು

ವಾರ್ಷಿಕ ಸಂಚಿಕೆಗೆ ಲೇಖನ ಬೇಕೆಂದು ನಮ್ಮ ಅಧ್ಯಾಪಕರು ಕೇಳಿದಾಗ ನಾನು ಈ ವಿಷಯವನ್ನು ಸೂಚಿಸಿದೆ. ಅವರು ಕನ್ನಡಕವನ್ನು ಮೇಲಕ್ಕೆ ಸರಿಸಿ, "ಕೃಷ್ಣರಾಜನಗರಕ್ಕೂ ಇಂಗ್ಲೆಂಡಿನ ಪಾಪ್ ಹಾಡಿಗೂ ಎಲ್ಲಿಯ ಸಂಬಂಧವಪ್ಪ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರ ಉತ್ತರ ನಮ್ಮ ಮನೆಯ ಅಟ್ಟದಿಂದ ಪ್ರಾರಂಭವಾಗುವುದರಿಂದ ವಾಚಕರು ಸ್ವಲ್ಪ ತಾಳ್ಮೆಯಿಂದ ನನ್ನ ಜೊತೆ ಅಟ್ಟ ಹತ್ತಬೇಕೆಂದು ಪ್ರಾರ್ಥಿಸುತ್ತೇನೆ.

ನನ್ನ ತಾತನವರಿಗೆ ಅವರ ತಂದೆಯಿಂದ ಒಂದು ಗ್ರಾಮಫೋನೂ ಒಂದು ತಗಡಿನ ಪೆಟ್ಟಿಗೆಯ ತುಂಬ ಪ್ಲೇಟುಗಳೂ ಬಂದಿದ್ದುವು. ಗ್ರಾಮಫೋನಿನ ಸ್ಪ್ರಿಂಗು ನಾನು ಹುಟ್ಟುವ ಮೊದಲೇ ಮುರಿದುಹೋಗಿತ್ತು. ತಾತ ತೀರಿಕೊಂಡ ಮೇಲೆ ಮನೆಗೆ ಸುಣ್ಣ ಹೊಡೆಸುವ ಸಮಯದಲ್ಲಿ ಆ ಪೆಟ್ಟಿಗೆಯನ್ನು ಪ್ಲೇಟುಗಳ ಸಮೇತ ಗುಜರಿಯವನಿಗೆ ಹಾಕಿದೆವು. ಹಾಕಿದೆವು ಎಂದೆ, ಅಟ್ಟದಿಂದ ಇಳಿಸಿಕೊಟ್ಟವನು ನಾನೇ. ತಗಡಿಗೆ ತೂಕವಿತ್ತು, ಪ್ಲೇಟಿಗೆ ಬೆಲೆಯಿರಲಿಲ್ಲ. ಒಂದೇ ಒಂದು ಪ್ಲೇಟು, ಅಂಚಿನಿಂದ ನಡುವಿನವರೆಗೆ ಸೀಳು ಬಿಟ್ಟದ್ದು, ಗೋಡೆಯ ಸಂದಿನಲ್ಲಿ ಸಿಕ್ಕಿಕೊಂಡು ಉಳಿಯಿತು. ಅದರ ಮೇಲಿನ ಕಾಗದ ಹುಳು ತಿಂದು ಹಾಡಿನ ಹೆಸರೂ ಹಾಡಿದವರ ಹೆಸರೂ ಹೋಗಿವೆ. ಓದಲು ಬರುವುದು 'ಜೋನೋಫೋನ್' ಎಂಬ ಕಂಪನಿಯ ಹೆಸರು, ಮತ್ತು ನಡುವೆ ಕೊರೆದ ಒಂದು ಸಂಖ್ಯೆ.

ಈ ಹೆಸರಿನ ಜಾಡು ಹಿಡಿದು ಹೊರಟವನು ನಾನು ಎಲ್ಲೆಲ್ಲೋ ಹೋಗಿ ಲಂಡನ್ನಿನಲ್ಲಿ ನಿಂತೆ. ಜೋನೋಫೋನ್ ಎಂಬುದು ಗ್ರಾಮಫೋನ್ ಕಂಪನಿಯ ಒಂದು ಅಗ್ಗದ ಮುದ್ರೆ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಭಾರತದಲ್ಲಿಯೂ ಅದರ ತಟ್ಟೆಗಳು ಮಾರಾಟವಾಗುತ್ತಿದ್ದುವು. 1931ರಲ್ಲಿ ಗ್ರಾಮಫೋನ್ ಕಂಪನಿಯೂ ಕೊಲಂಬಿಯಾ ಕಂಪನಿಯೂ ಒಂದುಗೂಡಿ ಇ.ಎಂ.ಐ. ಎಂಬ ಸಂಸ್ಥೆಯಾದ ಮೇಲೆ, ಕೊಲಂಬಿಯಾದ 'ರೀಗಲ್' ಎಂಬ ಮುದ್ರೆಯನ್ನೂ ಇದನ್ನೂ ಬೆಸೆದು 'ರೀಗಲ್ ಜೋನೋಫೋನ್' ಮಾಡಿದರು. ಆ ಹೆಸರಿಗೆ ಇಂಗ್ಲೆಂಡಿನಲ್ಲಿ 1967ರಲ್ಲಿ ಹೊಸ ಜೀವ ಬಂತು. ಆಗ ಪ್ರಾರಂಭವಾದ ಹೊಸ ಸರಣಿಯ 3001ನೆಯ ಸಂಖ್ಯೆಯ ತಟ್ಟೆ 'ದಿ ಮೂವ್' ಎಂಬ ವಾದ್ಯತಂಡದ 'ಫ್ಲವರ್ಸ್ ಇನ್ ದಿ ರೇನ್'. 3003ನೆಯದು 'ಪ್ರೋಕಲ್ ಹ್ಯಾರಂ' ತಂಡದ 'ಹೋಂಬರ್ಗ್'. ಎರಡೂ ಪ್ರಸಿದ್ಧವಾದವು. ಇವೆರಡರ ನಡುವಿನ 3002ನೆಯದು ಯಾರದು? ಬಿದ್ದು ಎಂಬಾತನದು. ಬಿದ್ದಪ್ಪ, ಅಪ್ಪಯ್ಯ ಎಂದೆಲ್ಲ ಹೆಸರಿಡುವ ನಾಡು ನಮ್ಮ ಪಿರಿಯಾಪಟ್ಟಣದ ಗಡಿ ದಾಟಿದರೆ ಸಿಗುತ್ತದೆಂದು ಯಾರಿಗೂ ಹೇಳಬೇಕಾಗಿಲ್ಲ.

ಬಿದ್ದು ಅಪ್ಪಯ್ಯ ಕೊಡವ ಮನೆತನದವರು, 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ರೇಡಿಯೋ ಸಿಲೋನ್ ಕೇಳಿ ಕೇಳಿ ಪಾಶ್ಚಾತ್ಯ ಗೀತೆಗಳ ಹುಚ್ಚು ಹಿಡಿಸಿಕೊಂಡ ಇವರು, ಗೆಳೆಯರ ಜೊತೆ 'ಟ್ರೋಜನ್ಸ್' ಎಂಬ ತಂಡ ಕಟ್ಟಿ ಬೆಂಗಳೂರು, ಕಲ್ಕತ್ತ, ಮುಂಬಯಿಗಳಲ್ಲಿ ಹಾಡಿದರು. ತಂಡ ಚೆದುರಿದ ಮೇಲೆ ಒಬ್ಬರೇ ಉಳಿದು 'ಲೋನ್ ಟ್ರೋಜನ್' ಎಂದು ಕರೆದುಕೊಂಡರು. ಅನಂತರ ಲಂಡನ್ನಿನ ಕನಸು ಕಟ್ಟಿಕೊಂಡು, ಕೈಯಲ್ಲಿ ದುಡ್ಡಿಲ್ಲದೆ ಮಧ್ಯಪ್ರಾಚ್ಯದ ಮಾರ್ಗವಾಗಿ ಹೋಗಿ ಸೇರಿ, ಅಲ್ಲಿಯ ಅಮೆರಿಕನ್ ರಾಯಭಾರ ಕಚೇರಿಯ ಅಡುಗೆಮನೆಯಲ್ಲಿ ಕೆಲಸ ಮಾಡಿದರು. 1967ರಲ್ಲಿ ಹೊರಬಂದ ಆ ತಟ್ಟೆಯ ಮುಂಬದಿಯಲ್ಲಿ 'ಡಾಟರ್ ಆಫ್ ಲವ್', ಹಿಂಬದಿಯಲ್ಲಿ 'ಲುಕ್ ಔಟ್ ಹಿಯರ್ ಐ ಕಮ್'. ತಟ್ಟೆ ಮಾರಾಟವಾಗಲಿಲ್ಲ. ಈಗ ಅಂತರ್ಜಾಲದಲ್ಲಿ ಎರಡನ್ನೂ ಕೇಳಬಹುದು. ನನಗೆ ಹಿಡಿಸಿದ್ದು ಹಿಂಬದಿಯದೇ. 'ಇಗೋ ಬಂದೆ, ಎಚ್ಚರ' ಎಂದು ಸಾರುವ ಹಾಡನ್ನು ಹಾಡಿದವನ ಕಡೆ ಲಂಡನ್ ತಿರುಗಿಯೂ ನೋಡಲಿಲ್ಲವೆಂಬುದನ್ನು ನೆನೆದರೆ ನಗುವೂ ಬರುತ್ತದೆ, ನೋವೂ ಆಗುತ್ತದೆ.

ಆದರೆ ಆ ತಟ್ಟೆಯ ಪಕ್ಕದ ಮನೆಯವನ ಅದೃಷ್ಟವನ್ನು ನೋಡಿ. ಬ್ರಿಟನ್ನಿನಲ್ಲಿ ಬಿ.ಬಿ.ಸಿ.ಯವರು ಪಾಪ್ ಹಾಡುಗಳನ್ನು ಅತ್ಯಲ್ಪವಾಗಿ ಪ್ರಸಾರ ಮಾಡುತ್ತಿದ್ದ ಕಾಲವದು. 1964ರಿಂದ ಕೆಲವರು ಕರಾವಳಿಯಾಚೆ ಹಡಗು ನಿಲ್ಲಿಸಿಕೊಂಡು ರೇಡಿಯೋ ಕ್ಯಾರೊಲೈನ್ ಮುಂತಾದ ಖಾಸಗಿ ನಿಲಯಗಳನ್ನು ನಡೆಸಿದರು. (ಖಾಸಗಿ ರೇಡಿಯೋ ಎಂಬುದು ನಮಗೆ ಹೊಸದಲ್ಲ. 1935ರಲ್ಲಿಯೇ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ನಿಲಯ ಸ್ಥಾಪಿಸಿದರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಬಂದದ್ದು ಅಲ್ಲಿಂದ. ಅವರಿಗೆ ಹಡಗು ಬೇಕಾಗಲಿಲ್ಲ.) 1967ರ ಆಗಸ್ಟಿನಲ್ಲಿ ಸರ್ಕಾರ ಆ ಹಡಗಿನ ರೇಡಿಯೋಗಳನ್ನು ಕಾನೂನಿನಿಂದ ಕಟ್ಟಿಹಾಕಿತು. ಸೆಪ್ಟೆಂಬರ್ 30ರಂದು ಬಿ.ಬಿ.ಸಿ.ಯು 'ರೇಡಿಯೋ ಒನ್' ತೆರೆದಾಗ ಮೊತ್ತಮೊದಲು ಪೂರ್ತಿಯಾಗಿ ಹಾಕಿದ ತಟ್ಟೆ 3001ನೆಯದು, ಆ ಮಳೆಯ ಹೂವುಗಳ ಹಾಡು. ಒಂದು ಸಂಖ್ಯೆಯ ಅಂತರದಲ್ಲಿ ಒಂದು ಚರಿತ್ರೆಗೆ ಸೇರಿತು, ಇನ್ನೊಂದು ಗುಜರಿಗೆ ಸೇರಿತು.

ಇನ್ನು ಈ ಸಂಗೀತದ ಸ್ವರೂಪಕ್ಕೆ ಬರೋಣ. ಇದನ್ನು 'ಸೈಕೆಡೆಲಿಕ್' ಎನ್ನುತ್ತಾರೆ. ಹಂಫ್ರಿ ಆಸ್ಮಂಡ್ ಎಂಬ ಆಂಗ್ಲ ಮನೋವೈದ್ಯನು 1956ರ ಸುಮಾರಿಗೆ ಗ್ರೀಕ್ ಭಾಷೆಯ ಎರಡು ಪದಗಳಿಂದ ಕಟ್ಟಿದ ಶಬ್ದವಿದು; 'ಚಿತ್ತವನ್ನು ಬೆಳಗಿ ತೋರಿಸುವ' ಎಂದು ಅರ್ಥ. ಆತ ಹೇಳಿದ್ದು ಎಲ್.ಎಸ್.ಡಿ.ಯಂತಹ ಮಾದಕ ವಸ್ತುಗಳ ವಿಷಯ. 1966ರಲ್ಲಿ ಬ್ರಿಟನ್ ಅದನ್ನು ನಿಷೇಧಿಸಿತು. ಕೆಲವು ಹಾಡುಗಾರರು ಅದಕ್ಕೆ ಬಲಿಯಾಗಿ ಬಾಳು ಕೆಡಿಸಿಕೊಂಡದ್ದೂ ನಿಜ, ಅದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಆದರೆ ಈ ಗೀತೆಗಳಲ್ಲಿ ಕೇಳಿಬರುವ ವಿಚಿತ್ರ ನಾದದ ಬಹುಪಾಲು ಹುಟ್ಟಿದ್ದು ಮದ್ದಿನಿಂದಲ್ಲ, ಟೇಪು ಯಂತ್ರದಿಂದ.

ಇದನ್ನು ತಿಳಿಯಲು ಚುಂಚನಕಟ್ಟೆಯ ಜಾತ್ರೆಯನ್ನು ನೆನಪಿಸಿಕೊಳ್ಳಿ. ಒಂದೇ ಹಾಡು ಎರಡು ಧ್ವನಿವರ್ಧಕಗಳಲ್ಲಿ ಬರುತ್ತಿರುತ್ತದೆ. ಒಂದು ಹತ್ತಿರ, ಇನ್ನೊಂದು ದೂರ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವುದರಿಂದ, 34 ಮೀಟರ್ ಹೆಚ್ಚು ದೂರವಿರುವ ಕೊಂಬಿನ ಹಾಡು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ ಕಿವಿಗೆ ಬೀಳುತ್ತದೆ; ಗಾಯಕರು ಇಬ್ಬರಿದ್ದಂತೆ ಭಾಸವಾಗುತ್ತದೆ. ಈ ತಡವನ್ನು ಸೆಕೆಂಡಿನ ಸಾವಿರದ ಕೆಲವು ಭಾಗಗಳಿಗೆ ಇಳಿಸಿದರೆ ಏನಾಗುತ್ತದೆ? ಎರಡು ಗಾಯಕರು ಕೇಳಿಸುವುದಿಲ್ಲ. ಬದಲಿಗೆ, ಭೌತಶಾಸ್ತ್ರದ ತರಗತಿಯಲ್ಲಿ ಅಲೆಗಳ ಪಾಠ ಕೇಳಿದವರಿಗೆ ತಿಳಿದಿರುವಂತೆ, ಕೆಲವು ಅಲೆಗಳು ಒಂದನ್ನೊಂದು ಅಳಿಸುತ್ತವೆ, ಕೆಲವು ಒಂದನ್ನೊಂದು ಎತ್ತುತ್ತವೆ. ಒಂದು ಟೇಪಿನ ವೇಗವನ್ನು ಮೆಲ್ಲಗೆ ಬದಲಿಸುತ್ತ ಹೋದರೆ ಅಳಿಯುವ ಅಂಶಗಳೂ ಸರಿಯುತ್ತ ಹೋಗಿ, ಹಾಡಿನ ಮೈಮೇಲೆ ಸುಂಯ್ಯೆಂದು ಗಾಳಿ ಬೀಸಿದಂತಾಗುತ್ತದೆ. ಇ.ಎಂ.ಐ.ನ ಆಬಿ ರೋಡ್ ಸ್ಟುಡಿಯೋದಲ್ಲಿ ಕೆನ್ ಟೌನ್ಸೆಂಡ್ ಎಂಬ ಎಂಜಿನಿಯರು 1966ರಲ್ಲಿ ಎರಡು ಯಂತ್ರಗಳನ್ನು ಹೀಗೆ ಜೋಡಿಸಿದ್ದು ಬೀಟಲ್ಸ್‌ನ ಜಾನ್ ಲೆನನ್‌ಗೆ ಒಂದೇ ಸಾಲನ್ನು ಎರಡು ಸಲ ಹಾಡುವುದು ಬೇಸರವೆಂಬ ಕಾರಣಕ್ಕೆ! ಮಾರನೆಯ ವರ್ಷ ಒಲಿಂಪಿಕ್ ಸ್ಟುಡಿಯೋದಲ್ಲಿ ಜಾರ್ಜ್ ಕಿಯಾಂಟ್ಸ್ ಎಂಬ ತರುಣ ಎಂಜಿನಿಯರು ಆ ಗಾಳಿಯ ನಾದವನ್ನು ಸಾಧಿಸಿದ. 'ಸ್ಮಾಲ್ ಫೇಸಸ್' ತಂಡದ 'ಇಚಿಕೂ ಪಾರ್ಕ್' ಹಾಡಿನಲ್ಲಿ ಅದು ಚೆನ್ನಾಗಿ ಕೇಳುತ್ತದೆ. ಇದಲ್ಲದೆ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾಗುತ್ತಿದ್ದ ಮೆಲೊಟ್ರಾನ್ ಎಂಬ ವಾದ್ಯವಿತ್ತು. ನೋಡಲು ಹಾರ್ಮೋನಿಯಂ ವಂಶದ್ದು. ಆದರೆ ಒಂದೊಂದು ಮನೆಯನ್ನು ಒತ್ತಿದಾಗಲೂ ಒಳಗಿನ ಒಂದು ಟೇಪು ಓಡಿ, ಮೊದಲೇ ಮುದ್ರಿಸಿಟ್ಟ ಕೊಳಲೋ ಪಿಟೀಲೋ ಸುಮಾರು ಎಂಟು ಸೆಕೆಂಡು ನುಡಿಯುತ್ತದೆ, ಅಷ್ಟೆ.

ನಮ್ಮ ಸಿತಾರು ಇವರ ಕೈಗೆ ಸಿಕ್ಕ ಕಥೆ ಎಲ್ಲರಿಗೂ ಗೊತ್ತು: 1965ರಲ್ಲಿ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಅದನ್ನು ನುಡಿಸಿದ. ಆದರೆ ಅದಕ್ಕೆ ಕೆಲವು ತಿಂಗಳ ಮೊದಲೇ 'ಕಿಂಕ್ಸ್' ತಂಡದ ರೇ ಡೇವಿಸ್, ಮುಂಬಯಿಯಲ್ಲಿ ಇಳಿದಿದ್ದಾಗ ಬೆಳಗಿನ ಜಾವ ಕೆಲಸಕ್ಕೆ ಹೊರಟ ಬೆಸ್ತರ ಹಾಡು ಕೇಳಿ, ಗಿಟಾರಿನಲ್ಲಿಯೇ ತಂಬೂರಿಯ ಶ್ರುತಿ ಹಿಡಿದು 'ಸೀ ಮೈ ಫ್ರೆಂಡ್ಸ್' ರಚಿಸಿದ್ದ. 'ಯಾರ್ಡ್‌ಬರ್ಡ್ಸ್' ತಂಡದವರು ಒಂದು ಹಾಡಿಗೆ ಸಿತಾರು ವಾದಕರನ್ನೇ ಕರೆಸಿ, ಸರಿಬರಲಿಲ್ಲವೆಂದು ಬಿಟ್ಟು, ಗಿಟಾರನ್ನೇ ಸಿತಾರಿನಂತೆ ಮಿಡಿದರು. ಅನಂತರ 1968ರಲ್ಲಿ 'ಜುಲೈ' ಎಂಬ ಅಜ್ಞಾತ ತಂಡದವರೂ ಸಿತಾರಿಗೆ ಕೈಯಿಟ್ಟರು. ನನ್ನ ಅಭಿಪ್ರಾಯ ಕೇಳಿದರೆ, ಇವರಲ್ಲಿ ಬಹುಮಂದಿ ಸಿತಾರನ್ನು ನುಡಿಸಲಿಲ್ಲ, ತಂಬೂರಿಯಂತೆ ಮೀಟಿದರು. ಗಮಕವಿಲ್ಲ, ರಾಗದ ಸಂಚಾರವಿಲ್ಲ. ನಮ್ಮ ಊರಿನ ಸಂಗೀತದ ಮೇಷ್ಟ್ರು ಕೇಳಿದರೆ ಎದ್ದುಹೋಗುತ್ತಾರೆ. ಆದರೂ ನನಗೆ ಬಹಳ ಸೋಜಿಗವಾಗುವುದು ಬೇರೊಂದು: ಬೆಂಗಳೂರಿನ ಹುಡುಗ ಗಿಟಾರು ಹಿಡಿದು ಲಂಡನ್ನಿನವನಂತೆ ಹಾಡಲು ಹೊರಟ ಕಾಲದಲ್ಲಿಯೇ ಲಂಡನ್ನಿನ ಹುಡುಗ ಸಿತಾರು ಹಿಡಿದು ನಮ್ಮಂತೆ ಕೂರಲು ಕಲಿಯುತ್ತಿದ್ದ. ದಾರಿಯಲ್ಲಿ ಎದುರಾದರೂ ಒಬ್ಬರನ್ನೊಬ್ಬರು ಗುರುತಿಸಿರಲಾರರು.

ಅಮೆರಿಕದ ಸೈಕೆಡೆಲಿಕ್ ಹಾಡುಗಳು ಯುದ್ಧ, ಮೆರವಣಿಗೆ ಎಂದು ಬೀದಿಗೆ ಇಳಿದರೆ ಇಂಗ್ಲೆಂಡಿನವು ಬಾಲ್ಯಕ್ಕೆ ಮರಳಿದವು. ಆಟದ ಸಾಮಾನು, ಅಜ್ಜಿ, ಚಹಾ, ಸಣ್ಣ ಊರಿನ ಅಂಗಡಿ. ಇವುಗಳಲ್ಲಿ ನನ್ನ ಮನಸ್ಸನ್ನು ಕಲಕಿದ್ದು ಮಾರ್ಕ್ ವಿರ್ಟ್ಸ್ ಎಂಬಾತನು ಕೀತ್ ವೆಸ್ಟ್‌ನಿಂದ ಹಾಡಿಸಿ 1967ರಲ್ಲಿ ಹೊರತಂದ ಒಂದು ಗೀತೆ. ಗ್ರೋಸರ್ ಜ್ಯಾಕ್ ಎಂಬ ಮುದಿ ದಿನಸಿ ವ್ಯಾಪಾರಿ. ಊರಿನವರಿಗೆಲ್ಲ ಸಾಮಾನು ತಲುಪಿಸುತ್ತ ಬಂದವನು. ಯಾರೂ ಅವನನ್ನು ಲೆಕ್ಕಕ್ಕಿಟ್ಟವರಲ್ಲ. ಒಂದು ದಿನ ಅವನು ಸತ್ತುಹೋಗುತ್ತಾನೆ. ಆಗ ಊರಿಗೆ ಅವನ ಬೆಲೆ ತಿಳಿಯುತ್ತದೆ. ಮಕ್ಕಳು ಕೂಡಿ ಅವನನ್ನು ಮರಳಿ ಬಾ ಎಂದು ಕರೆಯುತ್ತಾರೆ. ಇದನ್ನು ಕೇಳುವಾಗ ನನಗೆ ನಮ್ಮ ಕೇರಿಯ ಮೂಲೆಯ ಅಂಗಡಿಯವರ ನೆನಪಾಯಿತು. ಒಂದು ಪೂರ್ಣ ಗೀತನಾಟಕದ ತುಣುಕೆಂದು ಇದನ್ನು ಪ್ರಕಟಿಸಿದರು. ತುಣುಕು ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೇರಿತು, ನಾಟಕ ಮಾತ್ರ ಆಗ ಮುಗಿಯಲೇ ಇಲ್ಲ. ಕೀತ್ ವೆಸ್ಟ್‌ನ ಸ್ವಂತ ತಂಡ 'ಟುಮಾರೊ'. ಆಮ್‌ಸ್ಟರ್‌ಡ್ಯಾಮಿನಲ್ಲಿ ಯಾರು ಬೇಕಾದರೂ ತುಳಿಯಬಹುದೆಂದು ತರುಣರು ಬೀದಿಯಲ್ಲಿಟ್ಟ ಬಿಳಿ ಸೈಕಲ್ಲುಗಳನ್ನು ಕುರಿತ ಅವರ ಹಾಡು ಇದಕ್ಕಿಂತ ಧೀರವಾದದ್ದು. ಆದರೆ ಜನ ಕೇಳಿದ್ದು ದಿನಸಿ ಜ್ಯಾಕನನ್ನೇ. ಒಂದು ಹಾಡಿನ ಯಶಸ್ಸು ಇನ್ನೊಂದು ತಂಡವನ್ನು ನುಂಗಿತು.

'ಜೋಂಬೀಸ್' ತಂಡದ ಕಥೆಯೂ ಇಂಥದೇ. 1967ರಲ್ಲಿ ಆಬಿ ರೋಡಿನಲ್ಲಿ ಕಡಮೆ ಹಣದಲ್ಲಿ 'ಒಡೆಸಿ ಅಂಡ್ ಒರಾಕಲ್' ಎಂಬ ಗೀತಸಂಪುಟ ಮುದ್ರಿಸಿದರು. ಸ್ಟೀರಿಯೋ ಆವೃತ್ತಿಗೆ ಹಣ ಸಾಲದೆ ಹಾಡು ಬರೆದ ಇಬ್ಬರು ತಮ್ಮ ಕೈಯಿಂದ ಕೊಟ್ಟರು. ಹೊದಿಕೆಯ ಚಿತ್ರಕಾರ ಹೆಸರಿನ ಕಾಗುಣಿತವನ್ನೇ ತಪ್ಪು ಬರೆದ. 1968ರಲ್ಲಿ ಸಂಪುಟ ಅಂಗಡಿಗೆ ಬರುವ ಹೊತ್ತಿಗೆ ತಂಡ ಮುರಿದಿತ್ತು. 1969ರಲ್ಲಿ ಅದರ ಕೊನೆಯ ಹಾಡು ಅಮೆರಿಕದಲ್ಲಿ ಮನೆಮಾತಾದಾಗ ಹಾಡಲು ತಂಡವೇ ಇರಲಿಲ್ಲ. ಅದೇ ಸ್ಟುಡಿಯೋದಲ್ಲಿ 'ಪ್ರಿಟಿ ಥಿಂಗ್ಸ್' ತಂಡದವರು ಒಬ್ಬ ಸಾಮಾನ್ಯನ ಹುಟ್ಟಿನಿಂದ ಮುಪ್ಪಿನವರೆಗಿನ ಕಥೆಯನ್ನು ಹಾಡುಗಳಲ್ಲಿ ಹೆಣೆದು 1968ರ ಡಿಸೆಂಬರಿನಲ್ಲಿ 'ಎಸ್. ಎಫ್. ಸಾರೊ' ತಂದರು. ಅಮೆರಿಕಕ್ಕೆ ಅದು ತಲುಪಿದ್ದು 'ದಿ ಹೂ' ತಂಡದ 'ಟಾಮಿ' ಬಂದ ಮೇಲೆ. ಮೊದಲು ಮಾಡಿದವರೇ ಅನುಕರಣ ಮಾಡಿದರೆಂಬ ಮಾತು ಕೇಳಬೇಕಾಯಿತು. ಇದೇ ಇ.ಎಂ.ಐ. ಸಂಸ್ಥೆಯಲ್ಲಿ ಇಪ್ಪತ್ತು ವರ್ಷ ಹಿಂದೆ ಮೆಟ್ನರ್ ಎಂಬ ರಷ್ಯದ ಸಂಗೀತಕಾರ, ಲೋಕ ಮರೆಯತೊಡಗಿದ್ದ ಮುದುಕ, ತನ್ನ ಕೃತಿಗಳನ್ನು ಮುದ್ರಿಸಲು ಸಾಧ್ಯವಾದದ್ದು ನಮ್ಮ ಮಹಾರಾಜ ಜಯಚಾಮರಾಜ ಒಡೆಯರ ಹಣದಿಂದ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಪಾಪ್ ಹಾಡಿನವರಿಗೆ ಅಂಥ ಮಹಾರಾಜರು ಯಾರೂ ಸಿಗಲಿಲ್ಲ.

ಅವರಿಗೆ ಸಿಕ್ಕವರು ಸಂಗ್ರಾಹಕರು. ಹಳೆಯ ಅಂಗಡಿ, ಸಂತೆ, ಅಟ್ಟಗಳಲ್ಲಿ ಹುಡುಕಿ, ಸೋತ ತಟ್ಟೆಗಳನ್ನೇ ಆರಿಸಿ, ಎಂಬತ್ತರ ದಶಕದಲ್ಲಿ 'ರಬಲ್' ಎಂಬ ಸರಣಿಯನ್ನು ಹೊರತಂದರು. ರಬಲ್ ಎಂದರೆ ಕಟ್ಟಡ ಕೆಡವಿದಾಗ ಉಳಿಯುವ ಕಲ್ಲುಮಣ್ಣು. ಹೆಸರಿನಲ್ಲಿಯೇ ಒಂದು ಅಭಿಮಾನವಿದೆ. 2001ರಲ್ಲಿ 'ನಗೆಟ್ಸ್' ಎಂಬ ಮಾಲೆಯ ಎರಡನೆಯ ಭಾಗ ನಾಲ್ಕು ತಟ್ಟೆಗಳಲ್ಲಿ ಬಂತು. 'ಕೆಲಿಡೊಸ್ಕೋಪ್' ತಂಡದವರು ಬೇರೆ ಹೆಸರಿನಲ್ಲಿ ಮುದ್ರಿಸಿದ ಒಂದು ಸಂಪುಟ ಬೆಳಕು ಕಂಡದ್ದು 1991ರಲ್ಲಿ.

ಬಿದ್ದುವಿನ ಕಥೆ ಮಾತ್ರ ಬೇರೆ ದಿಕ್ಕಿಗೆ ತಿರುಗಿತು. ಹಾಡುವುದನ್ನು ಬಿಟ್ಟು ಹಾಡಿಸುವವರಾದರು. 1974ರಲ್ಲಿ ಕಾರ್ಲ್ ಡಗ್ಲಸ್ ಎಂಬಾತನ ಒಂದು ಧ್ವನಿಮುದ್ರಣದಲ್ಲಿ ಹಿಂಬದಿಗೆ ಏನಾದರೂ ಬೇಕೆಂದು ಕೊನೆಯ ಕೆಲವು ನಿಮಿಷಗಳಲ್ಲಿ ಮುಗಿಸಿದ್ದು 'ಕುಂಗ್ ಫು ಫೈಟಿಂಗ್'. ಅದು ಬ್ರಿಟನ್, ಅಮೆರಿಕ ಎರಡರಲ್ಲಿಯೂ ಮೊದಲ ಸ್ಥಾನ ಪಡೆಯಿತು. 1980ರಲ್ಲಿ ನಾಜಿಯಾ ಹಸನ್ ಹಾಡಿದ 'ಆಪ್ ಜೈಸಾ ಕೋಯಿ', 1995ರಲ್ಲಿ 'ಮೇಡ್ ಇನ್ ಇಂಡಿಯಾ', ಇವೂ ಅವರವೇ. ನಮ್ಮ ತರಗತಿಯಲ್ಲಿ ಈ ಹಾಡುಗಳನ್ನು ಕೇಳದವರಿಲ್ಲ. ಮಾಡಿದವರು ಪಕ್ಕದ ಕೊಡಗಿನ ಮೂಲದವರೆಂದು ಬಲ್ಲವರನ್ನು ನಾನು ಕಾಣೆ.

ನನ್ನ ಪ್ಲೇಟಿಗೆ ಮರಳುತ್ತೇನೆ. ಮುಂಬಯಿಯಲ್ಲಿ 1990ರಲ್ಲಿ ಪ್ರಾರಂಭವಾದ ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘವೊಂದಿದೆ. ಇಂಥ ಸಂಖ್ಯೆಗಳಿಂದ ಹಾಡನ್ನು ಗುರುತಿಸಬಲ್ಲವರು ಅಂಥ ಸಂಗ್ರಾಹಕರಲ್ಲಿ ಇದ್ದಾರು. ಪ್ಲೇಟಿನ ಸಂಖ್ಯೆಯನ್ನು ಎರಡು ಸಲ ನೋಡಿ ನಕಲು ಮಾಡಿಕೊಂಡಿದ್ದೇನೆ, ಅವರಿಗೆ ಬರೆಯಬೇಕೆಂದಿದ್ದೇನೆ. ಸೀಳು ಬಿಟ್ಟಿರುವುದರಿಂದ ನನ್ನ ಪ್ಲೇಟು ಹಾಡಲಾರದು. ಆದರೆ ಅದರ ಜೊತೆಯದು ಬೇರೆ ಯಾವುದಾದರೂ ಮನೆಯಲ್ಲಿರಬಹುದು. ಹುಣಸೂರು, ಪಿರಿಯಾಪಟ್ಟಣ, ಎಚ್. ಡಿ. ಕೋಟೆಯ ಕಡೆಯಿಂದ ಬರುವ ನನ್ನ ಸಹಪಾಠಿಗಳಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಕಪ್ಪು ಪ್ಲೇಟುಗಳಿದ್ದರೆ, ಗುಜರಿಯವನು ಬರುವ ಮೊದಲು ಅಂತಿಮ ಬಿ.ಎ. ತರಗತಿಗೆ ಬಂದು ನನಗೊಂದು ಮಾತು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅಟ್ಟ ಹತ್ತಲು ನಾನೇ ಬರುತ್ತೇನೆ.